ವಾಕ್ಯರೂಪದ ಲೆಕ್ಕದ ಅಭ್ಯಾಸ ಪುಸ್ತಕ: 120 ರೂಪಾಯಿಗೆ ಅರ್ಧ ಪುಸ್ತಕ ಚೆನ್ನಾಗಿದೆ

ಮೊದಲೇ ಹೇಳಿಬಿಡುತ್ತೇನೆ. ಕೊಳ್ಳಬಹುದು. ಆದರೆ ಮೊದಲ 56 ಪುಟಗಳನ್ನು ಹಾಗೇ ಮಕ್ಕಳ ಕೈಗೆ ಕೊಡಬೇಡಿ. ದುಡ್ಡು ಕೊಡುವುದು ಹಿಂದಿನ ಅರ್ಧಕ್ಕೆ ಅಂದುಕೊಳ್ಳಿ.

ಕನ್ನಡ ಮಾಧ್ಯಮದ 2ರಿಂದ 5ನೇ ತರಗತಿಯ ಮಕ್ಕಳಿಗೆ ಅಂತ ಮಾಡಿರುವ ಪುಸ್ತಕ ಇದು. 112 ಪುಟ, ಎಲ್ಲಾ ಬರೀ ವಾಕ್ಯರೂಪದ ಲೆಕ್ಕಗಳೇ. ಜೊತೆಗೆ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಆಟದ ನೋಟು, ರಟ್ಟಿನ ನಾಣ್ಯ. ಬೆಂಗಳೂರಿಗೆ ಹೋದಾಗ ಅವೆನ್ಯೂ ರಸ್ತೆಯಲ್ಲಿ ಕೊಂಡೆ. ಹೆಸರು ಬರೆಯುತ್ತಿಲ್ಲ, ಯಾಕೆಂದರೆ ಇದೇ ಒಳಪುಟಗಳು ಬೇರೆ ಬೇರೆ ಹೊದಿಕೆ ಹಾಕಿಕೊಂಡು ಸಿಗುತ್ತವೆ, ಪಕ್ಕದ ಅಂಗಡಿಯಲ್ಲೇ ಇನ್ನೊಂದನ್ನು ನೋಡಿದೆ. ಒಳಗೆ ಏನಿದೆ ಅಂತ ಗೊತ್ತಿದ್ದರೆ ಸಾಕು, ಅಂಗಡಿಯಲ್ಲಿ ತಿರುವಿ ಹಾಕುವಾಗ ನೀವೇ ಗುರುತು ಹಿಡಿಯುತ್ತೀರಿ.

ನಾನು ತಿಪಟೂರು ಕಡೆಯ ಸರ್ಕಾರಿ ಶಾಲೆಯೊಂದರಲ್ಲಿ 4 ಮತ್ತು 5ನೇ ತರಗತಿಗೆ ಗಣಿತ ಮಾಡುತ್ತೇನೆ. ನಮ್ಮ ಮಕ್ಕಳಿಗೆ ಲೆಕ್ಕ ಬರುವುದಿಲ್ಲ ಅಂತೇನಿಲ್ಲ. ಬೋರ್ಡಿನ ಮೇಲೆ 48 + 37 ಅಂತ ಬರೆದರೆ ಸಾಲಾಗಿ ಕೈ ಎತ್ತುತ್ತಾರೆ. ಅದೇ ಲೆಕ್ಕವನ್ನು ಎರಡು ವಾಕ್ಯ ಮಾಡಿ ಬರೆದು ನೋಡಿ. "ಮಿಸ್, ಕೂಡೋದಾ ಕಳೆಯೋದಾ?" ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುವ ಯಾರನ್ನು ಬೇಕಾದರೂ ಕೇಳಿ, ಈ ಪ್ರಶ್ನೆ ಕೇಳಿಸಿಕೊಳ್ಳದವರು ಸಿಗುವುದಿಲ್ಲ. ಒಂದು ಅಭ್ಯಾಸ ಪುಸ್ತಕದಿಂದ ಈ ಪ್ರಶ್ನೆ ಕಡಿಮೆ ಆಗುತ್ತದಾ, ಜಾಸ್ತಿ ಆಗುತ್ತದಾ? ನಾನು ನೋಡುವುದು ಅದೊಂದನ್ನೇ.

ಕಾಗದ, ಬೈಂಡಿಂಗ್ ವಿಷಯ ಬೇಗ ಮುಗಿಸುತ್ತೇನೆ. ಕಾಗದ ತೆಳು, ರಬ್ಬರಿನಿಂದ ಎರಡು ಸಲ ಉಜ್ಜಿದರೆ ತೂತು. ಉತ್ತರ ಬರೆಯಲು ಬಿಟ್ಟಿರುವ ಜಾಗ ದೊಡ್ಡವರ ಅಕ್ಷರಕ್ಕೇ ಸಾಲದು. ಅಂಟು ಹಾಕಿದ ಬೈಂಡಿಂಗ್, ನಡು ಪುಟಗಳು ಆಗಲೇ ಕೈಗೆ ಬಂದಿವೆ. ಅಕ್ಷರ ಮಾತ್ರ ದಪ್ಪಗೆ, ಚೆನ್ನಾಗಿ ಕಾಣುವಂತಿವೆ. ಹೊದಿಕೆಯ ಮೇಲೆ "ಕನ್ನಡದಲ್ಲಿ ಮೊಟ್ಟಮೊದಲ ಬಾರಿಗೆ" ಅಂತ ಬೇರೆ ಹಾಕಿದ್ದಾರೆ! ವ್ಯವಹಾರದ ಲೆಕ್ಕಗಳನ್ನೇ ಇಟ್ಟುಕೊಂಡು 12ನೇ ಶತಮಾನದಲ್ಲಿ ಕನ್ನಡದಲ್ಲಿ 'ವ್ಯವಹಾರಗಣಿತ' ಬರೆದ ರಾಜಾದಿತ್ಯ ಇದನ್ನು ನೋಡಿದ್ದರೆ ಏನನ್ನುತ್ತಿದ್ದನೋ. ಇರಲಿ, ಹೊದಿಕೆ ಮಾತಿಗೆ ಯಾರೂ ಮೋಸ ಹೋಗುವುದಿಲ್ಲ.

ನಿಜವಾದ ತೊಂದರೆ ಪಾಠಗಳನ್ನು ಜೋಡಿಸಿರುವ ರೀತಿಯಲ್ಲಿದೆ. ಮೊದಲ ಪಾಠ ಸಂಕಲನ, ಎರಡನೆಯದು ವ್ಯವಕಲನ, ಆಮೇಲೆ ಗುಣಾಕಾರ, ಭಾಗಾಕಾರ. ಸಂಕಲನದ ಪಾಠದಲ್ಲಿ 40 ಲೆಕ್ಕ ಇದ್ದರೆ 40ನ್ನೂ ಕೂಡಿಸಿದರಾಯಿತು. ಇದನ್ನು ಕಂಡುಹಿಡಿಯಲು ಮಕ್ಕಳಿಗೆ ಒಂದು ಪುಟ ಸಾಕು. ಆಮೇಲೆ ಯಾರು ವಾಕ್ಯ ಓದುತ್ತಾರೆ? ಎರಡು ಸಂಖ್ಯೆ ಹುಡುಕು, ಒಂದರ ಕೆಳಗೊಂದು ಬರೆ, ಕೂಡಿಸು, ಮುಂದಿನದಕ್ಕೆ ಹೋಗು. ನಮ್ಮ ತರಗತಿಯ ಒಬ್ಬ ಹುಡುಗ ಒಂದು ಪಿರಿಯಡ್‌ನಲ್ಲಿ ಎರಡು ಪುಟ ಮುಗಿಸಿ ತಂದುಕೊಟ್ಟ, ಎಲ್ಲಾ ಸರಿ. "ಮೂರನೇ ಲೆಕ್ಕದಲ್ಲಿ ಅಜ್ಜಿ ಏನು ತಂದಿದ್ದರು ಹೇಳು" ಅಂದೆ. ಯಾವ ಅಜ್ಜಿ ಅಂತ ನನ್ನನ್ನೇ ನೋಡಿದ.

ಅಪ್ಪ ಅಮ್ಮಂದಿರಿಗೆ ಇಂಥ ಪುಸ್ತಕ ಇಷ್ಟವಾಗುವುದೂ ಇದಕ್ಕೇ ಇರಬೇಕು. ಪುಟಗಳು ತುಂಬುತ್ತವೆ, ಎಲ್ಲಾ ಕಡೆ ಸರಿ ಗುರುತು ಬೀಳುತ್ತದೆ. ಪರೀಕ್ಷೆಯಲ್ಲಿ ಲೆಕ್ಕಗಳು ಕಲೆತು ಬಂದಾಗಲೇ ಗೊತ್ತಾಗುವುದು.

ಇದರ ಮೇಲೆ ಪ್ರತಿ ಪಾಠದ ತಲೆಯಲ್ಲಿ ಹಳದಿ ಬಣ್ಣದ ಒಂದು ಚೌಕ ಬೇರೆ. "ಒಟ್ಟು, ಎಲ್ಲಾ ಸೇರಿ, ಹೆಚ್ಚು ಎಂದಿದ್ದರೆ ಕೂಡಿಸಿ. ಉಳಿದವು, ಕಡಿಮೆ ಎಂದಿದ್ದರೆ ಕಳೆಯಿರಿ." ಇದು ಈ ಪುಸ್ತಕದ ಆವಿಷ್ಕಾರವೇನಲ್ಲ. ಟ್ಯೂಷನ್‌ಗಳಲ್ಲೂ ಹೀಗೇ ಹೇಳಿಕೊಡುತ್ತಾರೆ. ಆದರೆ ಈ ಲೆಕ್ಕ ಕೊಟ್ಟು ನೋಡಿ: ತರಗತಿಯಲ್ಲಿ ಒಟ್ಟು 40 ಮಕ್ಕಳಿದ್ದಾರೆ, ಅವರಲ್ಲಿ 22 ಹುಡುಗಿಯರು, ಹುಡುಗರೆಷ್ಟು? ಹಳದಿ ಚೌಕ ಕಲಿತ ಮಗು 62 ಅನ್ನುತ್ತದೆ. ಇನ್ನೊಂದು: ರಾಜು ಹತ್ತಿರ 15 ಗೋಲಿ ಇವೆ, ಅದು ಸಲ್ಮಾ ಹತ್ತಿರ ಇರುವುದಕ್ಕಿಂತ 6 ಹೆಚ್ಚು, ಸಲ್ಮಾ ಹತ್ತಿರ ಎಷ್ಟಿವೆ? 21 ಅಂತ ಬರೆದವರೇ ಜಾಸ್ತಿ. ಯಾರ ಹತ್ತಿರ ಜಾಸ್ತಿ ಗೋಲಿ ಇರೋದು ಅಂತ ಕೇಳಿದರೆ ಮಾತ್ರ "ರಾಜು ಹತ್ರ" ಅಂತ ಅದೇ ಮಕ್ಕಳು ಸರಿಯಾಗಿ ಹೇಳುತ್ತಾರೆ. ಕಥೆ ಅವರಿಗೆ ಗೊತ್ತಾಗುತ್ತದೆ. ಗೊತ್ತು ಮಾಡಿಕೊಳ್ಳುವ ಅಗತ್ಯವೇ ಇಲ್ಲ ಅಂತ ಪುಸ್ತಕ ಹೇಳಿಕೊಟ್ಟಿದೆ, ಅಷ್ಟೇ.

ಮಕ್ಕಳು ಹೀಗೆ ಮಾಡುವುದು ನಮ್ಮೂರಲ್ಲಿ ಮಾತ್ರ ಅಲ್ಲ. 1980ರ ಸುಮಾರಿಗೆ ಫ್ರಾನ್ಸ್‌ನ ಗ್ರೆನೋಬಲ್‌ನಲ್ಲಿ ಪುಟ್ಟ ಮಕ್ಕಳಿಗೆ ಒಂದು ಪ್ರಶ್ನೆ ಕೊಟ್ಟಿದ್ದರು: ಹಡಗಿನಲ್ಲಿ 26 ಕುರಿ, 10 ಮೇಕೆ ಇವೆ, ಕ್ಯಾಪ್ಟನ್ ವಯಸ್ಸೆಷ್ಟು? 97 ಮಕ್ಕಳಲ್ಲಿ 76 ಮಂದಿ ಆ ಸಂಖ್ಯೆಗಳನ್ನೇ ಹಿಡಿದು ಏನೋ ಒಂದು ಲೆಕ್ಕ ಮಾಡಿ ವಯಸ್ಸು ಹೇಳಿಬಿಟ್ಟರು. ನಮ್ಮ ಐದನೇ ತರಗತಿಯಲ್ಲಿ ಹಡಗನ್ನು ಲಾರಿ ಮಾಡಿ, ಕ್ಯಾಪ್ಟನ್ ಬದಲು ಡ್ರೈವರ್ ಅಂತ ಕೇಳಿದೆ. "ಮೂವತ್ತಾರು ಮಿಸ್!" ಅಂತ ಹಿಂದಿನ ಬೆಂಚಿನಿಂದಲೂ ಬಂತು. ಒಬ್ಬಳು ಮಾತ್ರ "ಅದ್ಹೆಂಗ್ ಮಿಸ್ ಗೊತ್ತಾಗುತ್ತೆ, ಡ್ರೈವರನ್ನೇ ಕೇಳ್ಬೇಕು" ಅಂದಳು. ಈ ಪುಸ್ತಕದ ಹಳದಿ ಚೌಕವನ್ನು ಅವಳಿಗೆ ತೋರಿಸಲು ನನಗೆ ಮನಸ್ಸಾಗಲಿಲ್ಲ.

ವ್ಯವಕಲನದ ಪಾಠ ನೋಡಿದರೆ ಎಲ್ಲಾ ಕಡೆ ಯಾರೋ ತಿಂದರು, ಕೊಟ್ಟರು, ಕಳೆದುಕೊಂಡರು. ಇದ್ದದ್ದರಲ್ಲಿ ಒಂದಿಷ್ಟು ಹೋಯಿತು, ಎಷ್ಟು ಉಳಿಯಿತು? ಇಷ್ಟೇ. ಆದರೆ ಕಳೆಯುವ ಲೆಕ್ಕ ಬೇರೆ ವೇಷದಲ್ಲೂ ಬರುತ್ತದಲ್ಲ. ಇಬ್ಬರ ಹತ್ತಿರ ಇರುವುದನ್ನು ಹೋಲಿಸುವುದು ಒಂದು. 100 ರೂಪಾಯಿ ಸೈಕಲ್ ಬೀಗಕ್ಕೆ 65 ಕೂಡಿಟ್ಟಿದ್ದೀನಿ, ಇನ್ನೆಷ್ಟು ಬೇಕು ಅನ್ನುವುದು ಇನ್ನೊಂದು. ಇದರಲ್ಲಿ ಏನೂ ಹೋಗುವುದೇ ಇಲ್ಲ, ಬರಬೇಕಾಗಿದೆ. ಮಗು ಕಳೆಯುವುದಾದರೂ ಯಾಕೆ? ಈ ತರಹದ ಲೆಕ್ಕ ಮೊದಲ 56 ಪುಟಗಳಲ್ಲಿ ಹುಡುಕಿದರೂ ಬೆರಳೆಣಿಕೆಯಷ್ಟು ಸಿಗಲಿಲ್ಲ.

ಭಾಗಾಕಾರವೂ ಹಾಗೇ. 24 ಉಂಡೆಯನ್ನು 6 ಮಕ್ಕಳಿಗೆ ಸಮವಾಗಿ ಹಂಚಿ, ಒಬ್ಬರಿಗೆ ಎಷ್ಟು? ಎಲ್ಲಾ ಹಂಚುವುದೇ. 24 ಉಂಡೆಯನ್ನು ಆರಾರರಂತೆ ಡಬ್ಬಿಗೆ ತುಂಬಿದರೆ ಎಷ್ಟು ಡಬ್ಬಿ ಬೇಕು ಅನ್ನುವುದು ಒಂದೂ ಇಲ್ಲ. ಉತ್ತರ ಎರಡಕ್ಕೂ 4. ಆದರೆ ಮಕ್ಕಳಿಗೆ ಚಿತ್ರ ಬರೆಯಲು ಹೇಳಿ, ಆಗ ತಿಳಿಯುತ್ತದೆ ಇವೆರಡೂ ಎಷ್ಟು ಬೇರೆ ಅಂತ. ಮೊದಲನೆಯದಕ್ಕೆ ಆರು ಮಕ್ಕಳನ್ನು ಬರೆದು ಒಂದೊಂದೇ ಉಂಡೆ ಹಾಕುತ್ತಾ ಹೋಗುತ್ತಾರೆ. ಎರಡನೆಯದಕ್ಕೆ ಉಂಡೆಗಳನ್ನೆಲ್ಲಾ ಬರೆದು ಆರಾರಕ್ಕೆ ಸುತ್ತು ಹಾಕುತ್ತಾರೆ. ಮೊದಲನೆಯದನ್ನು ಮಾತ್ರ ಕಲಿತ ಮಗು ಎರಡನೆಯದರಲ್ಲಿ "ಮಕ್ಕಳೇ ಇಲ್ವಲ್ಲ ಮಿಸ್" ಅಂತ ನಿಂತುಬಿಡುತ್ತದೆ.

ಉತ್ತರಗಳ ಪುಟಕ್ಕೆ ಬರೋಣ. ಅಚ್ಚಿನ ತಪ್ಪು ಅಲ್ಲಲ್ಲಿ ಇವೆ, ಅದು ಬಿಡಿ. ಆದರೆ ಒಂದು ಉತ್ತರ ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪ್ರವಾಸಕ್ಕೆ 47 ಮಕ್ಕಳು ಹೊರಟಿದ್ದಾರೆ, ಒಂದು ಟೆಂಪೋದಲ್ಲಿ 12 ಮಕ್ಕಳು ಕೂರಬಹುದು, ಎಷ್ಟು ಟೆಂಪೋ ಬೇಕು? ಉತ್ತರ: 3, ಶೇಷ 11. ಆ 11 ಮಕ್ಕಳನ್ನು ಸ್ಕೂಲ್ ಗೇಟಿನಲ್ಲೇ ಬಿಟ್ಟು ಹೋದರು ಅಂತ ಕಾಣುತ್ತದೆ. 1983ರಲ್ಲಿ ಅಮೆರಿಕದಲ್ಲಿ 13 ವರ್ಷದ ಮಕ್ಕಳಿಗೆ ಇಂಥದ್ದೇ ಪ್ರಶ್ನೆ ಬಂದಿತ್ತು: 1128 ಸೈನಿಕರು, ಒಂದು ಬಸ್ಸಿಗೆ 36 ಜನ, ಎಷ್ಟು ಬಸ್ಸು? ಭಾಗಾಕಾರವನ್ನು ನೂರಕ್ಕೆ ಸುಮಾರು 70 ಮಕ್ಕಳು ಸರಿಯಾಗೇ ಮಾಡಿದರು. 32 ಬಸ್ಸು ಅಂತ ಬರೆದವರು ಮಾತ್ರ ನೂರಕ್ಕೆ 23. ನೂರಕ್ಕೆ 29 ಮಂದಿ "31, ಶೇಷ 12" ಅಂತ ಬರೆದಿದ್ದರು. ಮಕ್ಕಳು ಹಾಗೆ ಬರೆದರೆ ಒಂದು ರೀತಿ. ಪುಸ್ತಕವೇ ಹಿಂದಿನ ಪುಟದಲ್ಲಿ ಹಾಗೆ ಅಚ್ಚು ಹಾಕಿದರೆ ಟೀಚರ್ ಏನು ಮಾಡಬೇಕು?

ಸರಿ, ಇಷ್ಟು ಬೈದ ಮೇಲೂ ಕೊಳ್ಳಿ ಅಂದೆನಲ್ಲ. ಅದಕ್ಕೆ ಕಾರಣ 57ನೇ ಪುಟದಿಂದ ಶುರುವಾಗುವ 'ಸಂತೆ' ಅನ್ನುವ ಭಾಗ. ಇದನ್ನು ಬರೆದವರು ಬೇರೆಯವರೇ ಇರಬೇಕು ಅಂತ ನನ್ನ ಅನುಮಾನ. ಒಂದೊಂದು ಪುಟದಲ್ಲೂ ಒಂದೊಂದು ದೊಡ್ಡ ಚಿತ್ರ: ಸೊಪ್ಪಿನ ಅಂಗಡಿ, ಹೂವಿನವರು, ಬಳೆ ಅಂಗಡಿ, ಬಸ್ ಟಿಕೆಟ್ ದರದ ಪಟ್ಟಿ, ಹಾಲಿನ ಡೈರಿಯ ಚೀಟಿ. ಬೆಲೆಗಳು ಚಿತ್ರದಲ್ಲೇ ಇವೆ. ಯಾವ ಸಂಖ್ಯೆ ಬೇಕು, ಯಾವುದು ಬೇಡ ಅಂತ ಮಕ್ಕಳೇ ಹುಡುಕಬೇಕು. ಕೂಡುವುದು, ಕಳೆಯುವುದು, ಗುಣಿಸುವುದು ಎಲ್ಲಾ ಕಲೆತು ಬರುತ್ತವೆ. ಕೆಲವು ಪುಟಗಳಲ್ಲಿ ಪ್ರಶ್ನೆಯೇ ಇಲ್ಲ, "ಈ ಚಿತ್ರ ನೋಡಿ ಎರಡು ಲೆಕ್ಕ ಬರೆದು ಪಕ್ಕದವರಿಗೆ ಕೊಡಿ" ಅಂತ ಖಾಲಿ ಗೆರೆ ಬಿಟ್ಟಿದ್ದಾರೆ. ಇಡೀ ಪುಸ್ತಕದಲ್ಲಿ ನನಗೆ ಅತಿ ಇಷ್ಟವಾದ ಪುಟಗಳು ಇವೇ.

ಮಕ್ಕಳು ಬರೆಯುವ ಲೆಕ್ಕಗಳನ್ನು ಓದುವುದೇ ಒಂದು ಮಜಾ. ಒಬ್ಬಳು ಬಳೆ ಅಂಗಡಿ ನೋಡಿ, "ಒಂದು ಡಜನ್‌ಗೆ 60 ರೂಪಾಯಿ, ನಮ್ಮಕ್ಕ ಚೌಕಾಸಿ ಮಾಡಿ 50ಕ್ಕೆ ತಗೊಂಡಳು, ಮನೆಗೆ ಬರೋವಾಗ ಎರಡು ಒಡೆದು ಹೋದವು, ಈಗ ನಷ್ಟಾನಾ ಲಾಭಾನಾ?" ಅಂತ ಬರೆದಳು. ಹತ್ತು ರೂಪಾಯಿ ಉಳಿಯಿತು, ಡಜನ್ 60ರ ಲೆಕ್ಕದಲ್ಲಿ ಎರಡು ಬಳೆಗೆ ಹತ್ತು ರೂಪಾಯಿ ಹೋಯಿತು, ಅಲ್ಲಿಗೆ ಸಮ ಅಂತ ಒಬ್ಬ. ಅಲ್ಲ, ಅವಳು ಕೊಟ್ಟದ್ದು 50 ತಾನೇ, ಒಡೆದ ಬಳೆಗೂ ಆ ದರವನ್ನೇ ಹಿಡಿಯಬೇಕು ಅಂತ ಇನ್ನೊಬ್ಬ. ಆ ಪಿರಿಯಡ್ ಪೂರ್ತಿ ಅದೇ ಜಗಳ. ಇಂಥ ಲೆಕ್ಕವನ್ನು ನಾವು ಕೂತು ಯೋಚಿಸಿದರೂ ಹೊಳೆಯುವುದಿಲ್ಲ.

ಸಂತೆ ಭಾಗ ಯಾಕೆ ಮುಖ್ಯ ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ನಮ್ಮಲ್ಲಿ ಒಬ್ಬ ಹುಡುಗನ ಮನೆಯವರು ಸೊಪ್ಪು ಮಾರುತ್ತಾರೆ, ರಜಾ ದಿನ ಇವನೂ ಜೊತೆಗೆ ಕೂರುತ್ತಾನೆ. ಕಟ್ಟು 15ರಂತೆ ಮೂರು ಕಟ್ಟು, ನೂರರ ನೋಟು ಕೊಟ್ಟರೆ ಚಿಲ್ಲರೆ ಎಷ್ಟು ಅಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ 55 ಅನ್ನುತ್ತಾನೆ. ಅದೇ ಹುಡುಗ ನೋಟ್‌ಬುಕ್ಕಿನಲ್ಲಿ 100ರಿಂದ 45 ಕಳೆಯುವಾಗ ಸೊನ್ನೆಗಳ ಮುಂದೆ ಸಿಕ್ಕಿಹಾಕಿಕೊಂಡು, ಪಕ್ಕದಿಂದ ಸಾಲ ತರೋದಕ್ಕೆ ಅಲ್ಲೂ ಸೊನ್ನೆ ಇದೆಯಲ್ಲ, 65 ಅಂತ ಬರೆದಿರುತ್ತಾನೆ. ಸಂತೆಯಲ್ಲಿ ಅವನು ಕಳೆಯುವುದೇ ಇಲ್ಲ. ನಲವತ್ತೈದಕ್ಕೆ ಐದು ಹಾಕಿದರೆ ಐವತ್ತು, ಇನ್ನೈವತ್ತು ಹಾಕಿದರೆ ನೂರು ಅಂತ ಮೇಲೆ ಮೇಲೆ ಎಣಿಸುತ್ತಾನೆ. 2025ರಲ್ಲಿ 'ನೇಚರ್' ವಿಜ್ಞಾನ ಪತ್ರಿಕೆಯಲ್ಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಜೊತೆಯವರ ಅಧ್ಯಯನ ಬಂತು. ಅದರ ಪ್ರಕಾರ ಕೋಲ್ಕತ್ತಾ, ದೆಹಲಿಯ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ ಮಕ್ಕಳು ವ್ಯಾಪಾರದ ಲೆಕ್ಕ ಬಾಯಲ್ಲೇ ಮಾಡುತ್ತಾರೆ, ಪುಸ್ತಕದ ರೀತಿಯಲ್ಲಿ ಅದೇ ಮಟ್ಟದ ಲೆಕ್ಕ ಕೊಟ್ಟರೆ ತಡವರಿಸುತ್ತಾರೆ. ಶಾಲೆಗೆ ಮಾತ್ರ ಹೋಗುವ ಮಕ್ಕಳದ್ದು ಉಲ್ಟಾ, ಪುಸ್ತಕದ ಲೆಕ್ಕ ಮಾಡುತ್ತಾರೆ, ವ್ಯಾಪಾರದ ಲೆಕ್ಕದಲ್ಲಿ ಹಿಂದೆ. ಒಂದು ಕಡೆ ಕಲಿತದ್ದು ತಾನಾಗೇ ಇನ್ನೊಂದು ಕಡೆಗೆ ಬರುವುದಿಲ್ಲ ಅಂತಾಯಿತು. ನಡುವೆ ಯಾರಾದರೂ ದಾರಿ ಮಾಡಬೇಕು. ಈ ಪುಸ್ತಕದ ಸೊಪ್ಪಿನ ಅಂಗಡಿಯ ಪುಟದಲ್ಲಿ ಚಿಲ್ಲರೆ ಎಣಿಸುವ ಆ ಕ್ರಮವನ್ನೇ ಒಂದು ಗೆರೆಯ ಮೇಲೆ 45, 50, 100 ಅಂತ ಹಾರುವ ಬಾಣ ಬರೆದು ತೋರಿಸಿದ್ದಾರೆ, ಪಕ್ಕದಲ್ಲೇ ಕಳೆಯುವ ಲೆಕ್ಕ. ನಮ್ಮ ಹುಡುಗ ಆ ಪುಟ ನೋಡಿ "ಇದು ನಾನ್ ಮಾಡೋದೇ ಅಲ್ವಾ ಮಿಸ್" ಅಂದ. ಈಗ ನೋಟ್‌ಬುಕ್ಕಿನಲ್ಲೂ ಮೊದಲು ಬಾಣ ಬರೆದು ಉತ್ತರ ನೋಡಿಕೊಂಡು, ಆಮೇಲೆ ಸಾಲ ತರುವ ರೀತಿಯಲ್ಲಿ ಮಾಡುತ್ತಾನೆ, ಎರಡೂ ಒಂದೇ ಬಂದರೆ ಬಿಡುತ್ತಾನೆ.

ಆಟದ ದುಡ್ಡಿನ ಕವರ್ ಬಗ್ಗೆ ಎರಡು ಮಾತು. ನೋಟುಗಳ ಬಣ್ಣ ನಿಜವಾದ ನೋಟಿಗೆ ಹತ್ತಿರ ಇವೆ, ಒಳ್ಳೆಯದು. ಆದರೆ 20ರ ನೋಟು ಇಲ್ಲ, 2000ದ್ದು ಇದೆ! ಅದನ್ನು ರಿಸರ್ವ್ ಬ್ಯಾಂಕ್ 2023ರಲ್ಲೇ ವಾಪಸ್ ತೆಗೆದುಕೊಳ್ಳಲು ಶುರು ಮಾಡಿತು, ನಮ್ಮ ಮಕ್ಕಳಲ್ಲಿ ಎಷ್ಟೋ ಜನ ಅದನ್ನು ನೋಡಿಯೇ ಇಲ್ಲ. 20ರ ನೋಟು ನಾವೇ ರಟ್ಟಿನಲ್ಲಿ ಮಾಡಿಕೊಂಡೆವು. ಸರ್ಕಾರಿ ಶಾಲೆಯ ಟೀಚರ್‌ಗಳು ಕವರ್ ಆಸೆಗೇ ಪುಸ್ತಕ ಕೊಳ್ಳುವ ಮೊದಲು ಸ್ಟಾಫ್ ರೂಮಿನ ಬೀರು ತೆಗೆದು ನೋಡಿ. ಅಕ್ಷರ ಫೌಂಡೇಶನ್ ಅನ್ನುವ ಸ್ವಯಂಸೇವಾ ಸಂಸ್ಥೆಯ ಗಣಿತ ಕಲಿಕಾ ಆಂದೋಲನದ ಕಿಟ್ ಬಂದ ಶಾಲೆಗಳಲ್ಲಿ ಆಟದ ದುಡ್ಡು, ಬಿಡಿ-ಹತ್ತು-ನೂರರ ಬ್ಲಾಕು ಎಲ್ಲಾ ಇದಕ್ಕಿಂತ ಗಟ್ಟಿಯಾದವೇ ಇರುತ್ತವೆ. ಬೀಗ ಹಾಕಿ ಇಟ್ಟಿರುತ್ತಾರೆ, ಅದು ಬೇರೆ ಮಾತು.

ಮೊದಲ ಅರ್ಧವನ್ನು ಪೂರ್ತಿ ಬಿಸಾಡಬೇಕಾಗಿಲ್ಲ. ನಾನು ಮಾಡುವುದು ಹೀಗೆ. ಪುಸ್ತಕ ನನ್ನ ಕೈಯಲ್ಲೇ ಇರುತ್ತದೆ. ಒಂದೊಂದು ಪಾಠದಿಂದ ಒಂದೊಂದು ಲೆಕ್ಕ ಆರಿಸಿ, ಕಲೆಸಿ, ಸಂಖ್ಯೆ ಬಿಟ್ಟು ಜೋರಾಗಿ ಓದುತ್ತೇನೆ. "ಅಂಗಡಿಯಲ್ಲಿ ಒಂದಿಷ್ಟು ತೆಂಗಿನಕಾಯಿ ಇದ್ದವು, ಬೆಳಗ್ಗೆ ಒಂದಿಷ್ಟು ಮಾರಿದರು, ಮಧ್ಯಾಹ್ನ ಇನ್ನೊಂದಿಷ್ಟು ಬಂದವು." ಏನಾಯಿತು ಅಂತ ಮೊದಲು ಯಾರಾದರೂ ತಮ್ಮ ಮಾತಲ್ಲಿ ಹೇಳಬೇಕು. ಕಾಯಿ ಜಾಸ್ತಿ ಆದವಾ, ಕಡಿಮೆ ಆದವಾ, ಹೇಳೋಕೆ ಬರುತ್ತಾ? ಸಂಖ್ಯೆ ಇಲ್ಲದೆ ಕೂಡೋದಾ ಕಳೆಯೋದಾ ಅಂತ ಕೇಳಲು ಅವರಿಗೆ ಏನೂ ಸಿಗುವುದಿಲ್ಲ, ಹಾಗಾಗಿ ಕೇಳುವುದಿಲ್ಲ. ಚಿತ್ರ ಬರೆದ ಮೇಲೆ ಸಂಖ್ಯೆ ಕೊಡುತ್ತೇನೆ. ನಿಧಾನ ಆಗುತ್ತದೆ, ಒಂದು ಪಿರಿಯಡ್‌ಗೆ ನಾಲ್ಕೈದು ಲೆಕ್ಕ ಮಾತ್ರ. ಪರವಾಗಿಲ್ಲ.

ಪುಸ್ತಕದಲ್ಲಿರುವ ಸೇಬು, ಕೇಕು, ಚಾಕೊಲೇಟ್ ತೆಗೆದು ಬಿಸಿಯೂಟದ ಲೆಕ್ಕ ಹಾಕಿಕೊಂಡರೆ ಇನ್ನೂ ಚೆನ್ನ. ಪ್ರಾಥಮಿಕ ತರಗತಿಯ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, ಕ್ಷೀರಭಾಗ್ಯದ ಹಾಲು 150 ಮಿಲಿ. ಇವತ್ತು 32 ಮಕ್ಕಳು ಬಂದಿದ್ದಾರೆ, ಅಕ್ಕಿ ಎಷ್ಟು ಅಳೆಯಬೇಕು, ಹಾಲು ಎಷ್ಟು ಲೀಟರ್ ಕಾಯಿಸಬೇಕು? ಅಕ್ಕಿ 3 ಕಿಲೋ 200 ಗ್ರಾಂ, ಹಾಲು 4 ಲೀಟರ್ 800 ಮಿಲಿ. ಸರಿಯಾ ತಪ್ಪಾ ಅಂತ ಅಡುಗೆಯವರ ಹತ್ತಿರ ಹೋಗಿ ಕೇಳಿಕೊಂಡು ಬರುತ್ತಾರೆ, ಉತ್ತರದ ಪುಟವೇ ಬೇಡ. 50 ಕಿಲೋ ಮೂಟೆ ಎಷ್ಟು ದಿನಕ್ಕೆ ಬರುತ್ತದೆ ಅಂತಲೂ ಕೇಳಿದೆ. 15 ದಿನ ಆಗಿ 2 ಕಿಲೋ ಉಳಿಯುತ್ತದೆ. ಟೆಂಪೋ ಲೆಕ್ಕದಲ್ಲಿ ಶೇಷಕ್ಕೆ ಇನ್ನೊಂದು ಟೆಂಪೋ ಬೇಕು, ಇಲ್ಲಿ ಶೇಷದಿಂದ ಇನ್ನೊಂದು ದಿನ ಆಗುವುದಿಲ್ಲ. ಎರಡನ್ನೂ ಒಂದೇ ದಿನ ಕೊಟ್ಟು ನೋಡಿ, ತರಗತಿಯಲ್ಲಿ ಗಲಾಟೆ ಗ್ಯಾರಂಟಿ.

ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಇರುವ ಮಕ್ಕಳ ಅಪ್ಪ ಅಮ್ಮನೂ ಸಂತೆ ಭಾಗವನ್ನು ಧೈರ್ಯವಾಗಿ ಬಳಸಬಹುದು, ಓದುವುದೇನೂ ಜಾಸ್ತಿ ಇಲ್ಲ, ಚಿತ್ರವೇ ಇದೆ. ಶಾಲೆಯ ಇಂಗ್ಲಿಷ್ ಲೆಕ್ಕ ಬಂದಾಗಲೂ ಕಥೆಯನ್ನು ಒಂದು ಸಲ ಕನ್ನಡದಲ್ಲಿ ಹೇಳಿಸಿ. ಮಗುವಿಗೆ ಕಷ್ಟ ಆಗಿರುವುದು ಭಾಷೆಯಾ ಲೆಕ್ಕವಾ ಅಂತ ಅಲ್ಲೇ ಗೊತ್ತಾಗುತ್ತದೆ. ಬರೀ ಮಗ್ಗಿ, ಕೂಡುವುದು, ಕಳೆಯುವುದು ರೂಢಿ ಆಗಬೇಕು ಅನ್ನುವವರಿಗೆ ಈ ಪುಸ್ತಕ ಬೇಡ. ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಸರ್ಕಾರಿ ಪಠ್ಯಗಳ ಪಿಡಿಎಫ್ ಪುಕ್ಕಟೆ ಸಿಗುತ್ತವೆ, ಅದರಲ್ಲಿರುವ ಅಭ್ಯಾಸವೇ ಧಾರಾಳ.

ಐದಕ್ಕೆ ಎಷ್ಟು ಅಂದರೆ: ಮೊದಲ ಅರ್ಧಕ್ಕೆ ಒಂದೂವರೆ, ಸಂತೆ ಭಾಗಕ್ಕೆ ನಾಲ್ಕೂವರೆ. ಇವೆರಡರ ಸರಾಸರಿ ತೆಗೆದು ಯಾರೂ ಪುಸ್ತಕ ಕೊಳ್ಳುವುದಿಲ್ಲ ಅಲ್ವಾ, ಹಾಗಾಗಿ ತೆಗೆಯುತ್ತಿಲ್ಲ. ಐದಾರು ಪ್ರತಿ ಒಟ್ಟಿಗೆ ತೆಗೆದುಕೊಂಡರೆ ಅಂಗಡಿಯವರು ಒಂದೊಂದನ್ನು ನೂರು ರೂಪಾಯಿಗೆ ಕೊಡುತ್ತಾರೆ, ಸುಮ್ನೆ ಒಂದು ಮಾತು ಕೇಳಿ. ದುಡ್ಡು ಕೊಡುವ ಮುಂಚೆ ಆಟದ ನೋಟಿನ ಕವರ್ ಒಳಗೆ ಇದೆಯಾ ಅಂತ ಮಾತ್ರ ತೆಗೆದು ನೋಡಿಕೊಳ್ಳಿ, ಆಮೇಲೆ ತರಿಸಿದ ಪ್ರತಿಗಳಲ್ಲಿ ಕೆಲವಕ್ಕೆ ಇರಲೇ ಇಲ್ಲ.